ಹೋಬಳಿ ಇಲ್ಲದ ಊರು

ರಾಮನಗರದ ಬಸ್ ನಿಲ್ದಾಣದಲ್ಲಿ ರೇಷ್ಮೆಗೂಡಿನ ಚೀಲಕ್ಕೊರಗಿ ತೂಕಡಿಸುತ್ತಿದ್ದ ಶರ್ಫುನ್ನೀಸಾಳಿಗೆ ಪಕ್ಕದ ಬೆಂಚಿನ ಮಾತು ಕನಸಿನೊಳಗಿಂದ ಬಂದಂತೆ ಕೇಳಿಸಿತು. ಒಬ್ಬಳು ಮಹಿಳಾ ನಿಲಯದ ವಾರ್ಡನ್, ಇನ್ನೊಬ್ಬಳು ಅಲ್ಲಿನ ಅಡುಗೆಯವಳು.

“ಮೇಡಮ್ಮೋರೇ, ಆ ಬಾಂಗ್ಲಾದ ಹೆಣ್ಮಗಳಿಗೆ ಸರ್ಕಾರದ ಗ್ರಾಂಟು ಬಂತಾ?”

“ಬಂತು ಕಾವೇರಮ್ಮ. ಡಾಕ್ಟ್ರಿಗೆ, ಅವಳ ಭಾಷೆ ಬಲ್ಲೋರಿಗೆ, ಎಲ್ಲಕ್ಕೂ ಆಯ್ತದೆ.”

“ಕೆಲ್ಸ ಕೊಡಿಸ್ತೀವಿ ಅಂತ ಕರ್ಕೊಂಬಂದು ಮಾರ್ಬುಟ್ರಲ್ಲ, ಪಾಪ. ಎರಡು ಸಲ ಅರ್ಜಿ ವಾಪಸ್ ಬಂದಿತ್ತಲ್ವಾ?”

“ಹೋಬಳಿ ಬರೀದೆ ಕಂಪ್ಯೂಟರು ತಗೊಳ್ತಿರ್ಲಿಲ್ಲ. ಊರೆಲ್ಲೈತೆ ಅಂದ್ರೆ, ನದಿ ನುಂಗ್ಬುಡ್ತು ಅಂತ ಕೈಲೇ ತೋರಿಸ್ತಾಳೆ. ನೀರಿಗೆ ಯಾವ ಹೋಬಳಿ? ನನ್ನ ತವರು ಮರಳವಾಡಿನೇ ಬರೆದ್ಬುಟ್ಟೆ.”

“ಅಯ್ಯೋ! ಯಾರಾದ್ರೂ ಅವಳನ್ನೇ ಕೇಳುದ್ರೆ?”

“ಕೇಳುದ್ರು. ನಿನ್ನೆ ಆಫೀಸರು ಬಂದು ಊರ್ಯಾವ್ದಮ್ಮ ಅಂದ್ರು. ಮರಳವಾಡಿ ಅಂದ್ಲು. ನಾನೇ ಬಾಯಿಪಾಠ ಮಾಡ್ಸಿದ್ದೆ.”

“ಸದ್ಯ, ಬಚಾವಾದ್ರಿ.”

ಹಾರೋಹಳ್ಳಿ ಬಸ್ಸು ಬಂತು. ಶರ್ಫುನ್ನೀಸಾ ಕಣ್ಣು ಬಿಟ್ಟಳು. ವಾರ್ಡನ್ ಸೆರಗು ಸರಿಮಾಡಿಕೊಂಡು ಎದ್ದಳು.

“ಎಲ್ಲಿ ಬಚಾವು? ಬೆಳಗ್ಗೆಯಿಂದ ಬಟ್ಟೆ ಗಂಟು ಕಟ್ಕೊಂಡು ಕೂತವ್ಳೆ, ಮರಳವಾಡಿಗೆ ಯಾವಾಗ ಹೋಗಾದು ಅಂತ ಕೈಸನ್ನೇಲೇ ಕೇಳ್ಕೊಂಡು. ಅದಕ್ಕೇ ತವರಿಗೆ ಹೊರಟೆ, ನಮ್ಮವ್ವಂಗೆ ಒಂದ್ಮಾತು ಹೇಳ್ಬುಟ್ಟು ಬರಾಣ ಅಂತ.”