ಬೆಂಚಿನ ಮೇಲೆ ಐದು ಗುಂಡಿ

ಹೆರಿಗೆಯಾದ ಓರಗಿತ್ತಿಗೆ ಊಟ ತಂದಿದ್ದ ಹೊಲಿಗೆಯಾಕೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಪಕ್ಕದಲ್ಲೊಬ್ಬ ಅಜ್ಜಿ ಮೊಮ್ಮಗಳ ಮುಂದೆ ಗುಂಡಿಗಳನ್ನು ಹರವಿ ಲೆಕ್ಕ ಹೇಳಿಕೊಡುತ್ತಿದ್ದರು. ಗುಂಡಿ ಕಂಡರೆ ಹೊಲಿಗೆಯಾಕೆಯ ಕಣ್ಣು ತಾನಾಗೇ ಅತ್ತ ಹೊರಳುತ್ತದೆ. ಕಣ್ಣಿನ ಹಿಂದೆಯೇ ಕಿವಿಯೂ ಹೋಯಿತು.

"ಅಪ್ಪ, ಅಮ್ಮ, ನಾನು, ನೀನು. ಎಷ್ಟಾಯ್ತು ಪುಟ್ಟಿ?"

"ನಾಲ್ಕು."

"ಪಾಪು ಬಂತು ಅನ್ಕೋ." ಅಜ್ಜಿ ಪುಟ್ಟದೊಂದು ಬಿಳಿ ಗುಂಡಿ ಸೇರಿಸಿದರು. "ಈಗ?"

"ಐದು. ಅಜ್ಜೀ, ಟೀಚರ್ ಕಳೆಯೋ ಲೆಕ್ಕಾನೂ ಕೊಟ್ಟಿದ್ದಾರೆ. ಐದರಲ್ಲಿ ಒಂದು ತೆಗೆದ್ರೆ..."

"ಬಿಡ್ತು ಅನ್ನು! ಇಲ್ಲಿ ಕೂತ್ಕೊಂಡು ಕಳೆಯೋ ಮಾತಾಡ್ತಾರಾ?"

"ಬಿಡ್ತು." ಹುಡುಗಿ ದನಿ ತಗ್ಗಿಸಿದಳು. "ಆದ್ರೆ ಹೋದ್ಸಲಾನೂ ಇಲ್ಲಿ ಬರೀ ಕೂಡಿಸಿದ್ವಲ್ಲ ಅಜ್ಜಿ. ಮನೆಗೆ ಹೋದಾಗ ನಾಲ್ಕೇ ಜನ ಇದ್ವಿ."

ಅಜ್ಜಿ ಗುಂಡಿಗಳನ್ನು ಅಂಗೈಯಿಂದ ಮುಚ್ಚಿದರು.

"ಈ ಸಲ ಅಮ್ಮನ್ನೂ ಕಳೀತಾರಾ?"

"ಬಾಯ್ಮುಚ್ಚು ಕಂದ. ನಿನ್ನ ದಮ್ಮಯ್ಯ."

ಬಾಗಿಲು ತೆರೆಯಿತು. "ಅಜ್ಜೀ, ಬೇಗ ಒಳಗೆ ಬನ್ನಿ," ಎಂದಳು ನರ್ಸು. ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ.

"ಎಲ್ಲಾ ಬಾಚ್ಕೋ ಪುಟ್ಟಿ, ಒಂದೂ ಬಿಡಬೇಡ!"

ಹುಡುಗಿ ಗುಂಡಿಗಳನ್ನು ಮುಷ್ಟಿಯಲ್ಲಿ ತುಂಬಿಕೊಂಡು ಅಜ್ಜಿಯ ಸೆರಗು ಹಿಡಿದು ಓಡಿದಳು. ಬಾಗಿಲು ಮುಚ್ಚಿತು.

ಹೊಲಿಗೆಯಾಕೆ ಬಗ್ಗಿ ನೋಡಿದಳು. ಬೆಂಚಿನ ಕಾಲ ಬಳಿ ಆ ಪುಟ್ಟ ಬಿಳಿ ಗುಂಡಿ ಬಿದ್ದಿತ್ತು. ಊಟದ ಡಬ್ಬಿಯನ್ನು ಅಲ್ಲೇ ಬಿಟ್ಟು, ಗುಂಡಿಯನ್ನು ಎತ್ತಿಕೊಂಡು, ಅವಳು ಆ ಬಾಗಿಲನ್ನು ಬಡಿಯತೊಡಗಿದಳು.