ಹೆಬ್ಬಳ್ಳಿಯ ತಂಪು ಕೋಣೆಗೆ ಹಾರೆ ಬಿದ್ದ ಬಗ್ಗೆ

ವಾಣಿಶ್ರೀ, ತಂದೆ ಶಾಂತಯ್ಯ ಹಿರೇಮಠ, ವಯಸ್ಸು 36 ವರ್ಷ, ಉದ್ಯೋಗ: ಗಬ್ಬೂರಿನಲ್ಲಿ ತಂಪು ಯಂತ್ರಗಳ ತಯಾರಿಕೆ, ಸಾ|| ಮಾಳಮಡ್ಡಿ, ಧಾರವಾಡ. ಯಂತ್ರ ಒಡೆದ ವಿಷಯದಲ್ಲಿ ಹೆಬ್ಬಳ್ಳಿಯ ರಾಮಪ್ಪನವರನ್ನು ಠಾಣೆಗೆ ಕರೆಸಿರುವುದು ತಿಳಿದು, ಖುದ್ದಾಗಿ ಬಂದು ಹೇಳುವುದು ಹೀಗಿದೆ.

ಹೆಬ್ಬಳ್ಳಿಯ ಮಹಿಳಾ ಸಂಘದವರು ಪೇರಲ ಹಣ್ಣು ಕೆಡದಂತೆ ಇಡಲು ನಾನು ಮಾಡಿಕೊಟ್ಟ ತಂಪು ಕೋಣೆಯನ್ನು ಬಳಸುತ್ತಾರೆ. ಅದರ ಯಂತ್ರದಲ್ಲಿ ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿ ನೀರು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಸಿಲಿಕಾ ಹರಳುಗಳು ಹಿಡಿದುಕೊಳ್ಳುತ್ತವೆ. ಛಾವಣಿಯ ಮೇಲೆ ಬಿಸಿಲಿಗೆ ಕಾದ ನೀರು ಹರಳುಗಳನ್ನು ಮತ್ತೆ ಒಣಗಿಸುತ್ತದೆ.

ದಿನಾಂಕ 22-04-2025ರಂದು ಮಧ್ಯಾಹ್ನ 2 ಗಂಟೆಗೆ ಸಂಘದ ಅಧ್ಯಕ್ಷೆ ಗೌರಕ್ಕನವರು ಫೋನ್ ಮಾಡಿ, ಕೋಣೆಯ ಪಕ್ಕದ ಮನೆಯ ರಾಮಪ್ಪನವರ ಎರಡು ಆಡುಗಳು ಸತ್ತಿವೆ, ಯಂತ್ರದ ಗ್ಯಾಸಿನಿಂದಲೇ ಸತ್ತವೆಂದು ಜನ ಸೇರಿದ್ದಾರೆ ಎಂದು ತಿಳಿಸಿದರು. ನಾನು ಸ್ಕೂಟರ್ ಮೇಲೆ ಹೋದೆ. ರಾಮಪ್ಪನವರ ಕೈಯಲ್ಲಿ ಹಾರೆ ಇತ್ತು. ಅತ್ತು ಕಣ್ಣು ಕೆಂಪಾಗಿದ್ದವು. ನಾನು ತಡೆಯುವಷ್ಟರಲ್ಲಿ ಯಂತ್ರದ ಪೈಪಿಗೆ ಹೊಡೆದರು. ಬುಸ್ ಎಂದು ಜೋರಾಗಿ ಸದ್ದಾಯಿತು. ಜನ ಸೆರಗು, ಟವೆಲ್ ಮೂಗಿಗೆ ಹಿಡಿದು ಓಡಿದರು.

ನಾನು ಓಡಲಿಲ್ಲ. ಒಡೆದ ಪೈಪಿನ ಬಾಯಿಗೆ ನನ್ನ ಕರವಸ್ತ್ರ ಹಿಡಿದೆ. ಪೈಪು ಅದನ್ನು ಒಳಗೆ ಎಳೆದುಕೊಂಡಿತು.

"ಹೊರಗ ಏನೂ ಬರಾಕತ್ತಿಲ್ಲರಿ. ಹೊರಗಿನ ಗಾಳಿನ ಒಳಗ ಹೋಗಾಕತ್ತೈತಿ" ಎಂದೆ.

ಯಾರೂ ಹತ್ತಿರ ಬರಲಿಲ್ಲ. ಗೌರಕ್ಕನವರು ಮಾತ್ರ ಬಂದು ಪೈಪಿನ ಪಕ್ಕ ನೆಲದ ಮೇಲೆ ಕುಳಿತು, ಕೋಣೆಯ ಒಂದು ಪೇರಲ ಹಣ್ಣನ್ನು ಎಲ್ಲರೂ ನೋಡುವಂತೆ ಪೂರ್ತಿ ತಿಂದರು.

ಸಂಜೆ ಪಶುವೈದ್ಯರು ಬಂದು ಆಡುಗಳ ಹೊಟ್ಟೆ ಕೊಯ್ದು ನೋಡಿ, ಕಟಾವಾದ ಹೊಲದಲ್ಲಿ ಮತ್ತೆ ಒಡೆದ ಜೋಳದ ಎಳೆ ಚಿಗುರು ತಿಂದು ವಿಷವೇರಿದೆ ಎಂದರು. ರಾಮಪ್ಪನವರು ಗೋಡೆಗೊರಗಿ ಕುಳಿತುಬಿಟ್ಟರು.

ಮರುದಿನ ಬೆಳಿಗ್ಗೆ ನಾನು ಪೈಪು ಬೆಸೆಯುತ್ತಿದ್ದಾಗ ಅವರೇ ಬಂದರು. "ಎಲ್ಲಿ ಹಿಡೀಬೇಕು ಹೇಳ್ರಿ ಅಕ್ಕಾರ" ಎಂದರು. ಕೆಲಸ ಮುಗಿಯುವವರೆಗೂ ಹಿಡಿದುಕೊಂಡಿದ್ದರು. ಮತ್ತೆ ಗಾಳಿ ತೆಗೆದು ಯಂತ್ರ ಚಾಲೂ ಮಾಡಿದೆವು. ಸಂಜೆಯೊಳಗೆ ಕೋಣೆ ಮೊದಲಿನಂತೆ ತಂಪಾಯಿತು. ಹಣ್ಣು ಕೆಟ್ಟಿಲ್ಲ.

ರಾಮಪ್ಪನವರ ಮೇಲೆ ಪ್ರಕರಣ ದಾಖಲಿಸುವುದು ನನಗೆ ಬೇಡ. ಸಂಘದವರಿಗೂ ಬೇಡ. ಆದರೆ ವಿಷದ ಕೋಣೆ ಎಂಬ ಮಾತು ಸುತ್ತಲಿನ ಊರುಗಳಿಗೆ ಹಬ್ಬಿದೆ. ಆದ್ದರಿಂದ ಈ ಹೇಳಿಕೆಯನ್ನು ಹೆಬ್ಬಳ್ಳಿಯಲ್ಲಿ ಜನರೆದುರು ಓದಿಸಬೇಕೆಂದು ಕೋರುತ್ತೇನೆ. ಓದುವಾಗ ನನ್ನ ಪಕ್ಕ ನಿಲ್ಲಲು ರಾಮಪ್ಪನವರು ಒಪ್ಪಿದ್ದಾರೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಧಾರವಾಡ
ದಿನಾಂಕ: 24-04-2025
(ಸಹಿ) ವಾಣಿಶ್ರೀ ಶಾಂತಯ್ಯ ಹಿರೇಮಠ