ರಜೆಯ ಮರುದಿನ ಮರುಳಸಿದ್ದಪ್ಪನವರ ಅರ

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಸಾಹುಕಾರ್ ಗುರುಬಸಪ್ಪನವರೇ, ಮುಖ್ಯ ಅತಿಥಿಗಳಾದ ಹೆಡ್‌ಮಾಸ್ಟರವರೇ, ನಮ್ಮ ಬೀಗದ ಕಾರ್ಖಾನೆಯ ಅಣ್ಣತಮ್ಮಂದಿರೇ, ಸಭಿಕರೇ,

ಮೊನ್ನೆ ನನಗೊಂದು ಕೆಟ್ಟ ಕನಸು ಬಿತ್ತು. ಇದೇ ವೇದಿಕೆ, ಇದೇ ಮೈಕು. ಮಾತಾಡಲು ಹೋದರೆ ನನ್ನ ಬಾಯಿಗೆ ನಮ್ಮ ಕಾರ್ಖಾನೆಯದೇ ಬೀಗ. ಸಾಹುಕಾರರು ಒಂದೊಂದೇ ಬೀಗದ ಕೈ ಹಾಕಿ ತಿರುಗಿಸುತ್ತಿದ್ದಾರೆ, ಒಂದೂ ತಿರುಗುತ್ತಿಲ್ಲ.

ನಗಬೇಡಿ. ಸಾಮಾನು ಕೋಣೆಯ ಬೋರಣ್ಣನಿಗೆ ಸನ್ಮಾನ ಎಂದು ಕೇಳಿದ ದಿನದಿಂದ ನನಗೆ ಅನ್ನ ಸೇರಿಲ್ಲ. ಕೋಣನಕುಂಟೆಯ ಶಾಲೆಯಲ್ಲಿ ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ನನಗೆಲ್ಲಿಯ ಭಾಷಣ?

ರಜೆ ಮುಗಿಸಿ ಬಂದವರಿಗೆ ಮತ್ತೆ ಕೆಲಸಕ್ಕೆ ಕೈ ಕುದುರುವಂಥ ಪದ್ಧತಿಯನ್ನು ಬೋರಣ್ಣ ಕಂಡುಹಿಡಿದ, ಬುದ್ಧಿವಂತ ಎಂದು ಈಗ ಮಾತಾಡಿದವರೆಲ್ಲ ಹೊಗಳಿದರು. ಬುದ್ಧಿವಂತಿಕೆ ಅಲ್ಲ ಸ್ವಾಮಿ. ತಪ್ಪು ಮಾಡಿದ್ದೆ, ಹೆದರಿದ್ದೆ. ಅದನ್ನು ಇವತ್ತು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಕಾರ್ಖಾನೆಯ ಸುತ್ತ ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಬೀಗದ ಕೈ ಉಜ್ಜುವ ಅರಗಳನ್ನೆಲ್ಲ ಆಯುಧಪೂಜೆಯ ದಿನ ದೇವಿಯ ಪಟದ ಮುಂದೆ ರಾಶಿ ಹಾಕುವುದು ನಮ್ಮ ವಾಡಿಕೆ. ಅರದ ಮರದ ಹಿಡಿ ಒಬ್ಬೊಬ್ಬರ ಅಂಗೈಗೆ ಒಂದೊಂದು ಬಗೆಯಾಗಿ ಸವೆದು ಕಪ್ಪುಗಟ್ಟಿರುತ್ತದೆ. ಆ ಕಪ್ಪು ನೋಡಿಯೇ ಯಾವುದು ಯಾರದೆಂದು ನಾನು ಗುರುತು ಹಿಡಿಯುತ್ತಿದ್ದೆ. ಆ ವರ್ಷ ದೇವಿಯ ಮುಂದೆ ಕೊಳೆ ಅರ ಇಟ್ಟರೆ ಏನು ಕೇಡಾಗುವುದೋ ಎಂಬ ಭಯ ಹತ್ತಿತು. ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ತೊಳೆದ ಮೇಲೆ ನೋಡುತ್ತೇನೆ, ಮೂವತ್ತೆರಡು ಹಿಡಿಗಳೂ ಒಂದೇ ಬಣ್ಣ.

ಯಾರಿಗೆ ಹೇಳಲಿ? ಸುಮ್ಮನಿದ್ದೆ. ನಾನು ಎತ್ತಿ ಕೊಟ್ಟದ್ದನ್ನು ಸಾಹುಕಾರರು ಹೂವಿನ ಸಮೇತ ಒಬ್ಬೊಬ್ಬರ ಕೈಗೆ ಇಟ್ಟರು. ಎಲ್ಲರೂ ಕಣ್ಣಿಗೊತ್ತಿಕೊಂಡರು. ಅನುಮಾನ ಬಂದವರೂ ಬಾಯಿ ಬಿಡಲಿಲ್ಲ. ದೇವಿಯ ಪ್ರಸಾದವನ್ನು ಪಕ್ಕದವನ ಹತ್ತಿರ ಬದಲಾಯಿಸಿಕೊಳ್ಳುವುದುಂಟೇ?

ನಾಲ್ಕು ದಿನ ರಜೆ ಕಳೆದು ಬಂದರು. ಉಜ್ಜಿದ ಬೀಗದ ಕೈ ಒಂದೂ ಸರಿಯಾಗಿ ಕೂಡದು. ತ್ಯಾಗರಾಜನಗರದ ಒಬ್ಬರು ಹೊಸಮನೆಗೆ ನಮ್ಮ ಬೀಗ ಹಾಕಿ, ಗೃಹಪ್ರವೇಶವನ್ನು ಕಿಟಕಿಯಿಂದ ಮಾಡಿದರಂತೆ. ಇದೆಲ್ಲ ರಜೆಯ ಸೋಮಾರಿತನ, ಮುಂದಿನ ವರ್ಷದಿಂದ ಒಂದೇ ದಿನ ರಜೆ ಎಂದುಬಿಟ್ಟರು ಸಾಹುಕಾರರು.

ಇಗೋ, ಮೊದಲ ಸಾಲಿನಲ್ಲಿ ಕೂತಿದ್ದಾರಲ್ಲ ಮರುಳಸಿದ್ದಪ್ಪನವರು. ಇಪ್ಪತ್ತು ವರ್ಷ ಅದೇ ಹೊತ್ತಿಗೆ ಬಂದು, ಅದೇ ಮೊಳೆಗೆ ಕೋಟು ತೂಗುಹಾಕಿ, ಎರಡು ಸಲ ಅರ ಊದಿ ಕೂರುವವರು. ಕೆಲಸ ಶುರುವಾದ ಆರನೇ ದಿನ ಸಾಮಾನು ಕೋಣೆಗೆ ಬಂದು ಅರವನ್ನು ನನ್ನ ಮುಂದಿಟ್ಟರು.

"ತಗೋ ಬೋರಣ್ಣ. ನಾಳೆಯಿಂದ ಬರಲ್ಲ. ಕೈಗೆ ಕೆಲ್ಸ ಮರ್ತೋಯ್ತು."

"ಕೈ ಮರ್ತಿಲ್ಲ ಯಜಮಾನ್ರೇ, ಅರ ನಿಮ್ದಲ್ಲ," ಎಂದುಬಿಟ್ಟೆ.

ಅವರು ಅರ ಎತ್ತಿ ಹಿಡಿಯನ್ನು ತಿರುಗಿಸಿ ನೋಡಿದರು. "ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ?" ಎಂದರು. ಆಮೇಲೆ, "ಆದ್ರೂ ಅಮ್ಮ ಕೊಟ್ಟಿದ್ದನ್ನ ಬದಲಾಯಿಸ್ಬಾರ್ದಲ್ಲೋ," ಎಂದು ಅವರೂ ನನ್ನ ಜೊತೆ ಕೂತು ಹೆದರಿದರು.

ಶುಕ್ರವಾರ ಇನ್ನೊಂದು ಪೂಜೆಯಾಗಲಿ ಎಂದು ಸಾಹುಕಾರರನ್ನು ಬೇಡಿಕೊಂಡೆ. ನಿಜ ಹೇಳಲಿಲ್ಲ, ದೃಷ್ಟಿಯಾಗಿದೆ ಎಂದೆ. ಅರಗಳು ಮತ್ತೆ ರಾಶಿಯಾದವು. ಈ ಸಲ ಅವರವರೇ ತೆಗೆದುಕೊಳ್ಳಲಿ, ಕೊಡುವವಳು ಅಮ್ಮನೇ ಎಂದೆ. ಮರುಳಸಿದ್ದಪ್ಪನವರು ಕಣ್ಣು ಮುಚ್ಚಿ ಕೈ ಹಾಕಿದರು. ಒಂದರ ಹಿಡಿ ಸವರಿದರು, ಬಿಟ್ಟರು. ಇನ್ನೊಂದು, ಬಿಟ್ಟರು. ಏಳನೆಯದನ್ನು ಹಿಡಿದವರು ಕಣ್ಣು ತೆರೆಯಲೇ ಇಲ್ಲ, ಹಾಗೇ ನಕ್ಕರು. ಉಳಿದವರೂ ಹೀಗೇ ಸವರಿ ತಮ್ಮ ತಮ್ಮದನ್ನು ಎತ್ತಿಕೊಂಡರು.

ಆವತ್ತು ಪೂಜೆಯ ನೆಪದಲ್ಲಿ ಹತ್ತು ಗಂಟೆಯವರೆಗೆ ಯಾರಿಗೂ ಇಷ್ಟು ಬೀಗ ಎಂಬ ಲೆಕ್ಕವಿಲ್ಲ. ಬೇಡದ ತಗಡಿನ ಮೇಲೆ ಸುಮ್ಮನೆ ಉಜ್ಜುತ್ತ ಕೈ ಕುದುರಿಸಿಕೊಂಡರು. ಮಧ್ಯಾಹ್ನದ ಬೀಗಗಳೆಲ್ಲ ತೆರೆದವು. ಆಮೇಲೆ ಪ್ರತಿ ವರ್ಷ ರಜೆ ಮುಗಿಸಿ ಬಂದ ದಿನ ಇದನ್ನೇ ಮಾಡುತ್ತ ಬಂದೆವು, ನೀವು ಹೊಗಳಿದ ಪದ್ಧತಿ ಇಷ್ಟೇ. ರಜೆಯೂ ಉಳಿಯಿತು, ಮರುಳಸಿದ್ದಪ್ಪನವರೂ ಉಳಿದರು.

ಸಾಹುಕಾರರೇ, ಅದು ದೃಷ್ಟಿಯಲ್ಲ, ಸೀಗೆಪುಡಿ. ಶಾಲು ವಾಪಸ್ಸು ಕೇಳುವುದಾದರೆ ಈಗಲೇ ಕೇಳಿ, ಇನ್ನೂ ಮಡಿಕೆ ಬಿಚ್ಚಿಲ್ಲ.

ಇಷ್ಟು ಹೊತ್ತು ಈ ಪುಕ್ಕಲನ ಮಾತು ಕೇಳಿದ ನಿಮಗೆಲ್ಲ ನಾನು ಋಣಿ. ಎಲ್ಲರಿಗೂ ನಮಸ್ಕಾರ.

ಇಳಿಯುವ ಮುಂಚೆ ಒಂದೇ ಒಂದು. ಈ ವರ್ಷದ ರಜೆಯ ನೋಟಿಸನ್ನು ಮರುಳಸಿದ್ದಪ್ಪನವರು ನನಗೆ ಓದಿ ಹೇಳಿದರು. ತಿರುಗಿ ಬಂದ ದಿನ ಎಂಟು ಗಂಟೆಯಿಂದಲೇ ಪೂರ್ತಿ ಲೆಕ್ಕದ ಕೆಲಸ ಎಂದು ಅದರಲ್ಲಿದೆಯಂತೆ. ಅವರು ತಪ್ಪಾಗಿ ಓದಿರಬಹುದು. ಸಾಹುಕಾರರು ಇನ್ನೊಂದು ಸಲ ನೋಡಿ, ಅದು ಹತ್ತು ಗಂಟೆಯೇ ತಾನೇ ಎಂದು ಈ ಮೈಕಿನಲ್ಲಿ ಒಂದು ಮಾತು ಹೇಳಿಬಿಡಬೇಕು.